ಬಿರುಗಾಳಿಯ ಮುಂಗಾಲು

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಮ್ಯೂಸಿಯಂನಲ್ಲಿ ಸತ್ತ ಪ್ರಾಣಿಗಳ ಚರ್ಮಕ್ಕೆ ಹುಲ್ಲು ತುಂಬಿ ಹೊಲಿಯೋದು ನನ್ನ ಕೆಲಸ. ಬಿರುಗಾಳಿ ಅನ್ನೋ ರೇಸು ಕುದುರೆಗೆ ಹುಲ್ಲು ತುಂಬಿ ನಿಲ್ಲಿಸಿದವನೂ ನಾನೇ. ಬೆಂಕಿಪೊಟ್ಟಣದ ಮೇಲೆ, ಕ್ಯಾಲೆಂಡರಿನಲ್ಲಿ, ಸಿನಿಮಾ ಹಾಡಿನಲ್ಲಿ, ಎಲ್ಲೆಲ್ಲೂ ಅದೇ. ಕೊನೆಯ ರೇಸಿನಲ್ಲಿ ಮುಂಗಾಲು ಮುರಿದರೂ ಗೆದ್ದಿತ್ತು. ಗೆದ್ದ ಮೇಲೆ ಗುಂಡು ಹೊಡೆದು ಕೊಂದರು. ಓಡೋ ಭಂಗಿಯೇ ಬೇಕು ಅಂತ ಮ್ಯೂಸಿಯಂ ಮ್ಯಾನೇಜರ್ ಹಟ ಹಿಡಿದಿದ್ದಕ್ಕೆ ಮೂರು ಕಾಲು ಗಾಳಿಯಲ್ಲಿವೆ, ಭಾರವೆಲ್ಲ ಆ ಮುರಿದ ಮುಂಗಾಲಿನೊಳಗಿನ ಕಬ್ಬಿಣದ ಸರಳಿನ ಮೇಲೆ.

ಮೊನ್ನೆ ಅದನ್ನು ಓಡಿಸಿದ್ದ ಜಾಕಿ ಫೋಟೋಗೆ ಬಂದ. ಮ್ಯಾನೇಜರ್ ಅವನ ಕೈಗೆ ಚಾಟಿ ಕೊಟ್ಟರು.

"ಅವತ್ತೂ ಹೀಗೇ ಬಾರಿಸಿದ್ದು. ಇಲ್ಲಾಂದ್ರೆ ಮುರಿದ ಕಾಲಲ್ಲಿ ಓಡ್ತಿತ್ತಾ?" ಅಂತ ನಗುತ್ತಾ ಕುದುರೆಯ ಪಕ್ಕೆಗೊಂದು ಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು.

ಜನ ಹೋದ ಮೇಲೆ ಧೂಳು ಒರೆಸಿದೆ. ಚರ್ಮ ಬೆಚ್ಚಗಿತ್ತು. ಒರೆಸಿದ ಬಟ್ಟೆ ಒದ್ದೆಯಾಗಿ ಬೆವರಿನ ವಾಸನೆ ಹೊಡೆಯಿತು. ಮುಂಗಾಲು ಊದಿ ಹೊಲಿಗೆ ಬಿರಿಯುವಂತಿತ್ತು. ಒಂದೆರಡು ಹೊಲಿಗೆ ಬಿಚ್ಚಿದರೆ ಒಳಗೆ ಒಣಹುಲ್ಲು, ಅಷ್ಟೇ. ಮತ್ತೆ ಹೊಲಿದೆ. ಬೆಳಿಗ್ಗೆ ಮತ್ತೆ ಊದಿತ್ತು.

"ಇನ್ನೂ ಬಿಗಿಯಾಗಿ ಹೊಲಿಯಯ್ಯಾ, ನಾಳೆ ಶಾಲೆ ಮಕ್ಕಳು ಬರ್ತಾರೆ," ಅಂದರು ಮ್ಯಾನೇಜರ್.

ಇವತ್ತು ಆ ಕಾಲನ್ನು ಪೂರ್ತಿ ಬಿಚ್ಚಿದೆ. ಬೆರಳು ದಪ್ಪದ ಸರಳು, ಮೂಳೆ ಮುರಿದಿದ್ದ ಜಾಗದಲ್ಲೇ ಎರಡು ತುಂಡಾಗಿತ್ತು.

ಕುದುರೆ ಮಾತ್ರ ಅದೇ ಕಾಲಿನ ಮೇಲೆ ಇನ್ನೂ ನಿಂತಿದೆ.