ಅಮಾವಾಸ್ಯೆಯ ದಿನದ ಕೆಮ್ಮು

ಬಚ್ಚಲುಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ಮಹಡಿಯ ಮೇಲೆ ಬಟ್ಟೆ ಒಣಹಾಕಿ ಇಳಿದು ಬಂದ ಸೊಸೆ ಶ್ವೇತಾ ಅದನ್ನು ತೆಗೆದಳು. ಕಣ್ಣುರಿಸುವ ಘಾಟು ಮುಖಕ್ಕೆ ಹೊಡೆಯಿತು. ಒಳಗೆ ಅತ್ತೆ ಫಕ್ಕೀರವ್ವ ಬಿದ್ದಿದ್ದಳು. ಹಾವೇರಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆ ಹಿರಿಜೀವ ಶಿವನ ಪಾದ ಸೇರಿತ್ತು.

ಬ್ಯಾಡಗಿ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಶ್ರೀದೇವಿ ಬರುವ ಹೊತ್ತಿಗೆ ಓಣಿ ತೀರ್ಪು ಕೊಟ್ಟಾಗಿತ್ತು.

"ಮನ್ಯಾಗ ಇದ್ದಾಕಿ ಈಕಿ ಒಬ್ಬಾಕೀನ. ಆ ವಿಡಿಯೋ ಹಾಕಿದಾಕೀನೂ ಈಕೀನ," ಎಂದ ಕೊಟ್ರೇಶ. ಫಕ್ಕೀರವ್ವನ ತಂಗಿಯ ಮಗ. ಮನೆಯ ಹಿಂದಿನ ಅವಳ ಖಾರಪುಡಿ ಗಿರಣಿಯನ್ನು ನಡೆಸುವವನು. ಹೆಗಲ ಮೇಲೆ ಕೆಂಪು ಟವೆಲ್. ಅವನ ಗಂಟಲು ಒಡೆದಿತ್ತು. ಅತ್ತು ಹೀಗಾಗಿದೆ ಎಂದು ಎಲ್ಲರೂ ತಿಳಿದರು.

ವಿಡಿಯೋ ಮನೆಯವರ ಗ್ರೂಪಿನಲ್ಲಿತ್ತು. ಎಂಥ ಕಲೆಯಾದರೂ ಕ್ಷಣದಲ್ಲಿ ಮಾಯ: ಬ್ಲೀಚಿಂಗ್ ಪುಡಿಯ ಮೇಲೆ ಪಾಯಿಖಾನೆ ತೊಳೆಯುವ ಆಸಿಡ್. ಎರಡೂ ಸೇರಿದರೆ ಪುಪ್ಪುಸ ಸುಡುವ ವಿಷಗಾಳಿ ಏಳುತ್ತದೆ, ಫಕ್ಕೀರವ್ವನನ್ನು ಕೊಂದದ್ದು ಅದೇ ಎಂದು ಆಸ್ಪತ್ರೆಯ ವೈದ್ಯರು ಫೋನಿನಲ್ಲಿ ಹೇಳಿದರು.

"ನಾ ಮಾಡಿ ನೋಡಿಲ್ರೀ ಮೇಡಂ. ಲಕ್ಷ ಮಂದಿ ನೋಡ್ಯಾರಂತ ಕಳಿಸಿದ್ನಿ," ಎಂದಳು ಶ್ವೇತಾ. ಕಂಕುಳಲ್ಲಿ ಹಾಲು ಕುಡಿಯುವ ಕೂಸು. "ನನ್ನ ಒಯ್ದ್ರ ಇದನ್ನ ಯಾರ ಕೈಯಾಗ ಕೊಡ್ಲಿ?"

*

ಬಚ್ಚಲಿನ ಗವಾಕ್ಷಿಗೆ ಒದ್ದೆ ಬಟ್ಟೆ ತುರುಕಿದ್ದರು.

"ಕೊಲ್ಲಾಕಂತನ ಮುಚ್ಯಾರ್ರೀ ಮೇಡಂ!" ಎಂದ ಪೇದೆ ಹಜರತಅಲಿ.

"ನಿಮ್ಮೂರು ಯಾವುದು?"

"ರಾಣೆಬೆನ್ನೂರ್ರಿ."

"ಅದಕ್ಕ. ಇಲ್ಲಿ ಗಿರಣಿ ಬಾಜೂಕಿನ ಮನ್ಯಾಗೆಲ್ಲ ಘಾಟಿಗೆ ಹಿಂಗ ಅರಿಬಿ ತುರುಕ್ತಾರ. ನಮ್ಮವ್ವನ್ನೂ ಹಿಡ್ಕೊಂಡು ಹೋಗ್ತೀರೇನು?"

ಮೂಲೆಯ ಕಲ್ಲಿನ ಮೇಲೆ ಕೆಂಪು ಕಲೆ ಉಳಿದಿತ್ತು. ಶ್ರೀದೇವಿ ಅಡುಗೆಮನೆಯಿಂದ ಎಣ್ಣೆ ತರಿಸಿ ಒರೆಸಿದಳು. ಕಲೆ ಜಗ್ಗಲಿಲ್ಲ. ನೀರಿನ ಬಟ್ಟೆ ಒತ್ತಿದಳು. ಬಟ್ಟೆ ಗುಲಾಬಿಯಾಯಿತು. ಮೆಣಸಿನಕಾಯಿಯ ಕೆಂಪು ಎಣ್ಣೆಗೆ ಬಿಡುತ್ತದೆ, ನೀರಿಗಲ್ಲ. ಬ್ಯಾಡಗಿಯಲ್ಲಿ ಬೆಳೆದವಳಿಗೆ ಅದನ್ನು ಯಾರೂ ಕಲಿಸಬೇಕಿರಲಿಲ್ಲ.

*

ಪಕ್ಕದ ಮನೆಯ ಕುಲ್ಸುಮಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕೆಮ್ಮು ಕೇಳಿತ್ರೀ. ಗ್ವಾಡಿ ಮ್ಯಾಲಿಂದ ಕೂಗಿದ್ನಿ. ಕೊಟ್ರೇಶ ಅಂಗಳದಾಗ ನಿಂತಿದ್ದ. 'ಖಾರದ ಘಾಟು, ಬಿಡು ಖಾಲಾ' ಅಂದ. ಈ ಓಣ್ಯಾಗ ಕೆಮ್ಮಿದ್ರ ಯಾರು ಎದ್ದು ನೋಡ್ತಾರ್ರೀ? ಸುಮ್ಮನಾದ್ನಿ."

ಶ್ರೀದೇವಿ ಗಿರಣಿಯ ಕಡೆ ತಿರುಗಿದಳು. ಬಾಗಿಲಿಗೆ ಬೀಗ. ಹೊಸ್ತಿಲ ಮೇಲೆ ವಿಭೂತಿ, ಕುಂಕುಮ, ಒಡೆದ ತೆಂಗಿನಕಾಯಿ.

*

"ಕೊಟ್ರೇಶ, ಇವತ್ತ ಗಿರಣಿ ಹಚ್ಚಿದ್ದೇನು?"

"ಇಲ್ರೀ. ಅಮಾಸಿ ಅಲ್ಲೇನ್ರಿ? ಓಣ್ಯಾಗ ಎಲ್ಲಾರೂ ಪೂಜಿ ಮಾಡಿ ಗಿರಣಿ ಬಂದ್ ಇಟ್ಟೇವಿ."

"ಹಂಗಾರ ಖಾರದ ಘಾಟು ಎಲ್ಲಿಂದ ಬಂತು?"

ಕೊಟ್ರೇಶ ಬಾಯಿ ತೆರೆದ. ಮಾತಿನ ಬದಲು ಕೆಮ್ಮು ಬಂತು.

"ಆ ಕೆಮ್ಮು ನಿನಗೂ ಬಚ್ಚಲದಾಗ ಹತ್ತೈತಿ. ನಿನ್ನ ಕೆಂಪು ಟವೆಲ್ ಮ್ಯಾಲೆ ಬಿಳೀ ಚುಕ್ಕಿ ನೋಡು. ಬ್ಲೀಚಿಂಗ್ ಸಿಡಿದದ್ದು."

ಬೀಗ ತೆಗೆಸಿದರು. ರಾಣೆಬೆನ್ನೂರಿನ ವ್ಯಾಪಾರಿಗೆ ಹೋಗಬೇಕಾದ ಚೀಲಗಳ ಹಿಂದೆ ಬಟ್ಟೆಗೆ ಹಾಕುವ ಕೆಂಪು ಬಣ್ಣದ ಪೊಟ್ಟಣಗಳಿದ್ದವು.

ಶ್ರೀದೇವಿ ಎಲ್ಲರೆದುರು ಬಿಡಿಸಿ ಹೇಳಿದಳು. ಕೆಲಸದವರಿಲ್ಲದ ದಿನ ನೋಡಿ ಕೊಟ್ರೇಶ ಕಳಪೆ ಪುಡಿಗೆ ಬಣ್ಣ ಬೆರೆಸಿದ. ಬೆರೆಸಿದ ಬುಟ್ಟಿಯನ್ನು ಬಚ್ಚಲಲ್ಲಿ ತೊಳೆದ. ಕಲ್ಲು ಕೆಂಪಾಯಿತು. ವಿಡಿಯೋ ನೆನಪಾಗಿ ಎರಡನ್ನೂ ಸುರಿದ. ಉಸಿರು ಕಟ್ಟಿ ಹೊರಗೆ ಬಂದಾಗ ಎದುರಿಗೆ ಫಕ್ಕೀರವ್ವ.

ಕೊಟ್ರೇಶ ಟವೆಲ್ ತೆಗೆದು ಮುದ್ದೆ ಮಾಡಿದ. "ಕೆಂಪು ನೀರು ನೋಡಿ, ಆಹಾರ ಇಲಾಖ್ಯಾವ್ರಿಗೆ ಹೇಳ್ತೀನಿ ಅಂತ ದೊಡ್ಡವ್ವ ಕಲೆ ನೋಡಾಕ ಒಳಗ ಹೊಕ್ಕಳ್ರೀ. ಚಿಲಕ ಹಾಕಿದ್ನಿ. ಸಾಯ್ಲಿ ಅಂತ ಅಲ್ರೀ. ಬಣ್ಣದ ಪೊಟ್ಟಣ ಬಚ್ಚಿಟ್ಟು ಬರೂತನಕ..."

"ಕೆಮ್ಮು ಕೇಳಿದಾಗ ತೆಗೀಬೇಕಿತ್ತು. ತೆಗೀಲಿಲ್ಲ. ಬರಾಕತ್ತಿದ್ದ ಕುಲ್ಸುಮಬೀನೂ ತಡದಿ. ಅದು ಖಾರದ ಘಾಟಲ್ಲ ಅಂತ ಈ ಊರಾಗ ಗೊತ್ತಿದ್ದಾವ ನೀ ಒಬ್ಬಾವ."

ಹಜರತಅಲಿ ಅವನ ತೋಳು ಹಿಡಿದ.

ಶ್ವೇತಾ ಕೂಸನ್ನು ಎದೆಗೊತ್ತಿಕೊಂಡು ಫೋನ್ ತೆಗೆದಳು. "ಆ ವಿಡಿಯೋ ಅಳಸ್ತೀನ್ರೀ."

"ಅಳಸು. ಆದ್ರ ಮೊದಲ ಯಾಕ ಅಂತ ಬರಿ. ಅದನ್ನ ಉಳಿದಾವ್ರಿಗೆ ಯಾರ್ಯಾರು ಕಳಿಸ್ಯಾರೋ, ಅವರೂ ಓದ್ಲಿ."

ಶ್ವೇತಾ ಬರೆದಳು. ಅತ್ತೆಯ ಹೆಸರನ್ನೂ ಬರೆದಳು.

ಮರುದಿನ ಓಣಿಯ ಬೇರೆ ಗಿರಣಿಗಳು ಶುರುವಾದವು. ಘಾಟು ಎದ್ದಿತು. ಎಲ್ಲೋ ಒಂದು ಮನೆಯಲ್ಲಿ ಯಾರೋ ಕೆಮ್ಮಿದರು. ಕುಲ್ಸುಮಬಿ ರೊಟ್ಟಿಯ ಹಂಚನ್ನು ಇಳಿಸಿ, ಹಿಟ್ಟಿನ ಕೈಯಲ್ಲೇ ಹೋಗಿ ಆ ಮನೆಯ ಬಾಗಿಲು ತಟ್ಟಿದಳು.