ನೀಲಿ ಬೋರ್ಡಿನ ಸ್ಯಾಂಡ್‌ವಿಚ್

ಮೂರನೆಯ ಸ್ಯಾಂಡ್‌ವಿಚ್ಚನ್ನು ತಕ್ಕಡಿಯ ಮೇಲಿಟ್ಟು ಗಿಣಿ ಮುಳ್ಳನ್ನೇ ನೋಡಿದಳು. ಮುಳ್ಳು ಅಲುಗಿತು, ನಿಂತಿತು. ಎತ್ತಿ ಮತ್ತೆ ಇಟ್ಟಳು. ಊಹೂಂ, ಅಷ್ಟೇ.

“ಮೂರರಲ್ಲಿ ಇದೇ ಹಗುರ,” ಎಂದ ಅಣ್ಣ.

ಒಂದೇ ಬಗೆಯ ಮೂರು ವಸ್ತುಗಳನ್ನು ಹೋಲಿಸಿ ಚಾರ್ಟ್ ಮಾಡಿಕೊಂಡು ಬನ್ನಿ ಎಂದು ಟೀಚರ್ ಹೇಳಿದ್ದರು. ಉಳಿದವರು ಪೆನ್ನು, ಸೋಪು ಅಂದರು. ತಿಂಡಿಪೋತಿ ಗಿಣಿ ಆರಿಸಿದ್ದು ಸ್ಯಾಂಡ್‌ವಿಚ್. ಊರಿನ ಬೀದಿಬೀದಿಯಲ್ಲೂ ಅಂಗಡಿ ತೆರೆದಿರುವ ಕಂಪನಿಗಳು ಮೂರು. ಒಂದರದು ಕೆಂಪು ಬೋರ್ಡು, ಒಂದರದು ಹಳದಿ, ಇನ್ನೊಂದರದು ನೀಲಿ. ಮೂರೂ ಕಡೆಯಿಂದ ಎಲ್ಲಕ್ಕಿಂತ ಚಿಕ್ಕದನ್ನು, ಅಗ್ಗದ್ದನ್ನು ಅಣ್ಣ ಬೆಳಿಗ್ಗೆ ಸೈಕಲ್ಲಿನಲ್ಲಿ ಹೋಗಿ ತಂದಿದ್ದ.

ನೀಲಿ ಬೋರ್ಡಿನ ಅಂಗಡಿಯಲ್ಲಿ ಸ್ಯಾಂಡ್‌ವಿಚ್ ಮಾಡುವವಳು ಅವರ ಅಮ್ಮ. ಈಗ ತಕ್ಕಡಿಯ ಮೇಲಿದ್ದದ್ದು ಅಲ್ಲಿಯದೇ. ಅದೇ ಗೆಲ್ಲುತ್ತದೆ ಎನ್ನುವುದರಲ್ಲಿ ಗಿಣಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಅಣ್ಣ ಬ್ರೆಡ್ ಬಿಡಿಸಿ ನೋಡಿದ. ಕೆಂಪಿನದರಲ್ಲಿ ಐದು ಬಿಲ್ಲೆ ಸೌತೆಕಾಯಿ, ಹಳದಿಯದರಲ್ಲಿ ನಾಲ್ಕು. ನೀಲಿಯದರಲ್ಲಿ ಎರಡೇ ಎರಡು, ಅವೂ ಕಾಗದದಷ್ಟು ತೆಳ್ಳಗೆ.

“ಹೊರಗೆ ಥಳುಕು, ಒಳಗೆ ಹುಳುಕು,” ಎಂದು ಅವನು ನಕ್ಕ.

ಹಿಂದೆ ಚಪ್ಪಲಿ ಬಿಟ್ಟ ಸದ್ದಾಯಿತು. ಅಮ್ಮ ನೀಲಿ ಟೋಪಿ ತೆಗೆಯುತ್ತ ಬಾಗಿಲಲ್ಲಿ ನಿಂತಿದ್ದಳು. ಟೋಪಿಯನ್ನು ಮೊಳೆಗೆ ಸಿಕ್ಕಿಸಿ ಕೈಕಾಲು ತೊಳೆಯಲು ಹೋದಳು. ಅಣ್ಣ ಬಿಡಿಸಿದ್ದ ಬ್ರೆಡ್ಡನ್ನು ಮೆಲ್ಲಗೆ ಮುಚ್ಚಿಟ್ಟ.

ಗಿಣಿ ಚಾರ್ಟನ್ನು ಹತ್ತಿರಕ್ಕೆ ಎಳೆದುಕೊಂಡಳು. ಅದರಲ್ಲಿ ನೀಲಿಯ ಮುಂದೆ ‘ಮೂರನೇ ಸ್ಥಾನ’ ಎಂದು ಬರೆದಿದ್ದಳು. ಗಡಿಬಿಡಿಯಲ್ಲಿ ಅಳಿಸಿ ‘ಮೊದಲನೇ’ ಎಂದು ಮಾಡಿದಳು.

ಅಮ್ಮ ಮುಖ ಒರೆಸಿಕೊಳ್ಳುತ್ತ ಬಂದು ಚಾರ್ಟ್ ಎತ್ತಿಕೊಂಡಳು. ರಬ್ಬರಿನ ಗುರುತು ಅವಳ ಕಣ್ಣಿಗೆ ಬಿತ್ತು.

“ಇದೇನೇ, ತಕ್ಕಡಿ ಹೇಳೋದು ಒಂದು, ನೀನು ಬರೆಯೋದು ಇನ್ನೊಂದು?”

ಗಿಣಿ ತಲೆ ತಗ್ಗಿಸಿದಳು. ಅಮ್ಮ ರೇಗಲಿಲ್ಲ. ಪಕ್ಕದಲ್ಲಿ ಕೂತು ನಿಧಾನವಾಗಿ ಹೇಳಿದಳು. ಎರಡೇ ಬಿಲ್ಲೆ ಎಂದು ಕಂಪನಿಯವರು ಬರೆದು ಗೋಡೆಗೆ ಅಂಟಿಸಿದ್ದಾರಂತೆ. ಒಮ್ಮೆ ಅವಳು ಮೂರನೆಯದು ಇಟ್ಟಾಗ ಮ್ಯಾನೇಜರ್ ಗಿರಾಕಿಯ ಎದುರಿಗೇ ತೆಗೆಸಿದರಂತೆ. ಆ ಮಾತು ಹೇಳುವಾಗ ಅಮ್ಮ ಕಿಟಕಿಯ ಕಡೆ ನೋಡುತ್ತಿದ್ದಳು.

ಆಮೇಲೆ ಮೂರೂ ಬ್ರೆಡ್ಡುಗಳನ್ನು ಗಿಣಿಯ ಮುಂದೆ ಸರಿಸಿದಳು.

“ಬೆಣ್ಣೆ ನೋಡು. ಅದೊಂದು ನನ್ನ ಕೈಲಿದೆ.”

ಕೆಂಪಿನದರಲ್ಲೂ ಹಳದಿಯದರಲ್ಲೂ ಬೆಣ್ಣೆ ನಡುವೆ ಮುದ್ದೆಯಾಗಿ ಕೂತಿತ್ತು. ಅಂಚೆಲ್ಲ ಒಣಒಣ. ನೀಲಿಯದರಲ್ಲಿ ಅದು ತೆಳ್ಳಗೆ, ಸಮನಾಗಿ, ನಾಲ್ಕೂ ಮೂಲೆಗೆ ಹೋಗಿ ಮುಟ್ಟಿತ್ತು. ಗಿಣಿ ಒಂದು ಮೂಲೆ ಮುರಿದು ಬಾಯಿಗೆ ಹಾಕಿಕೊಂಡಳು. ಅಣ್ಣನೂ ಕೇಳದೆಯೇ ಇನ್ನೊಂದು ಮೂಲೆ ಮುರಿದುಕೊಂಡ.

ಗಿಣಿ ರಬ್ಬರ್ ತೆಗೆದುಕೊಂಡು ‘ಮೊದಲನೇ’ ಅಳಿಸಿದಳು. ಆ ಜಾಗದಲ್ಲಿ ‘ಮೂರನೇ’ ಎಂದು ಬರೆಯುವುದನ್ನು ಅಮ್ಮ ನೋಡುತ್ತ ಕೂತಳು.

ಮರುದಿನ ಕ್ಲಾಸಿನಲ್ಲಿ ಗಿಣಿ ಚಾರ್ಟ್ ಹಿಡಿದು ಕೊನೆಯ ಸಾಲಿನವರೆಗೂ ಓದಿದಳು. ನೀಲಿಗೆ ಮೂರನೇ ಸ್ಥಾನ ಎಂದಾಗ ಅವಳ ಬೆಂಚಿನ ಹುಡುಗಿ ಕೇಳಿಯೇಬಿಟ್ಟಳು, “ಅದು ನಿಮ್ಮಮ್ಮನ ಅಂಗಡಿ ಅಲ್ವೇನೇ?”

ಹಿಂದಿನಿಂದ ಯಾರೋ ಕಿಸಕ್ಕೆಂದರು. ಗಿಣಿ ಚಾರ್ಟನ್ನು ಸುರುಳಿ ಸುತ್ತಿದಳು. ಅವಳಿಗೆ ಅಳು ಬರಲಿಲ್ಲ.

“ಅಂಗಡಿ ಕಂಪನಿಯವ್ರದ್ದು. ಬೆಣ್ಣೆ ಹಚ್ಚೋದು ನಮ್ಮಮ್ಮ,” ಎಂದಳು.