ಒರೆಸ್ಬೇಡಿ, ಟೀಚರ್!

"ಒರೆಸ್ಬೇಡಿ!"

ಮೂರನೇ ಕ್ಲಾಸಿನ ಬಾಗಿಲಲ್ಲಿ ಯಾರೋ ಕೂಗಿದ ರಭಸಕ್ಕೆ ಅವಳ ಕೈಯಲ್ಲಿದ್ದ ಡಸ್ಟರ್ ಜಾರಿ ಕೆಳಗೆ ಬಿತ್ತು. ಬಟ್ಟೆಯ ತುಂಬ ಸೀಮೆಸುಣ್ಣದ ಪುಡಿ!

ತಿರುಗಿ ನೋಡಿದರೆ, ಎತ್ತರಕ್ಕೆ ತೆಳ್ಳಗಿರುವ ಒಬ್ಬ ಯುವಕ. ಎದೆಗವುಚಿಕೊಂಡ ಹಾಜರಿ ಪುಸ್ತಕ, ಓಡಿ ಬಂದ ಏದುಸಿರು. ಅವನ ಕಣ್ಣು ಅವಳ ಮೇಲಿರಲಿಲ್ಲ, ಬೋರ್ಡಿನ ಮೇಲಿತ್ತು.

"ಯಾರು ನೀವು?"

"ಮಧ್ಯಾಹ್ನದ ಪಾಳಿಗೆ ಹೊಸದಾಗಿ ಬಂದಿದ್ದೀನಿ. ಇದೇ ಕ್ಲಾಸು... ಆ ಮೇಲಿನ ಸಾಲು ಹಾಗೇ ಇರಲಿ ಟೀಚರ್. ನನ್ನ ಮಕ್ಕಳೂ ನೋಡ್ಲಿ."

ಸಿಟ್ಟು ಬರದೆ ಇರುತ್ತದೆಯೇ, ನೀವೇ ಹೇಳಿ? ಆ ಶಾಲೆಯಲ್ಲಿ ಒಂದೇ ಕೋಣೆಗೆ ಎರಡು ಪಾಳಿ. ಬೆಳಗಿನವರು ಹೋಗುವಾಗ ಬೋರ್ಡನ್ನು ಚೊಕ್ಕವಾಗಿ ಒರೆಸಿ ಕೊಡಬೇಕು, ಅದು ಅಲ್ಲಿಯ ಪದ್ಧತಿ. ಆರು ವರ್ಷದಲ್ಲಿ ಅವಳು ಒಂದು ದಿನವೂ ಅದನ್ನು ತಪ್ಪಿಸಿರಲಿಲ್ಲ.

"ಬರೆಯೋಕೆ ಸೋಮಾರಿತನವಾ ಮೇಷ್ಟ್ರೇ?"

ಅವನ ಮುಖ ಒಂದು ಕ್ಷಣ ಬಾಡಿತು. ಮರುಕ್ಷಣವೇ ನಕ್ಕ. "ಹಾಗೇ ಅಂದ್ಕೊಳ್ಳಿ."

'ಅಬ್ಬಾ, ಎಂಥಾ ಭಂಡ!' ಎಂದುಕೊಂಡಳು. ಆದರೂ ಕೆಳಗಿನದನ್ನೆಲ್ಲ ಒರೆಸಿ ಮೇಲಿನ ಒಂದು ಸಾಲನ್ನು ಬಿಟ್ಟಳು. ಯಾಕೆ ಬಿಟ್ಟೆ ಎಂದು ಬಸ್ಸಿನಲ್ಲಿ ಕೂತು ಯೋಚಿಸಿದಳು, ಗೊತ್ತಾಗಲಿಲ್ಲ. ನನಗೆ ಗೊತ್ತು. ಆದರೆ ಈಗಲೇ ಹೇಳಿಬಿಟ್ಟರೆ ಕಥೆ ಮುಗಿದೇ ಹೋಗುತ್ತದೆ!

ಮಕ್ಕಳು ಅವಳನ್ನು ಕರೆಯುತ್ತಿದ್ದದ್ದು ಮುತ್ತು ಮಿಸ್ ಎಂದು. ಮುತ್ತು ಪೋಣಿಸಿದಂಥ ಅಕ್ಷರ ಅವಳದು. ದಿನಾ ಬೋರ್ಡಿನ ಮೇಲ್ಗಡೆ ಒಂದು ಸಾಲು ಬರೆಯುತ್ತಿದ್ದಳು, ಮಕ್ಕಳು ಅದನ್ನು ನೋಡಿ ಕಾಪಿ ಬರೆಯಬೇಕು. ಆಮೇಲೆ ಉಕ್ತಲೇಖನ. ತಪ್ಪಿದ ಪದಕ್ಕೆಲ್ಲ ಕೆಂಪು ಪೆನ್ನಿನ ಸುತ್ತು, ಹತ್ತು ಸಲ ತಿದ್ದಿ ಬರೆಯುವ ಶಿಕ್ಷೆ. ಅವಳು ಕೆಟ್ಟವಳಲ್ಲ ಕಣ್ರೀ. ತಪ್ಪನ್ನು ಕಂಡರೆ ಅವಳಿಗೆ ಸುಮ್ಮನಿರಲು ಆಗುತ್ತಿರಲಿಲ್ಲ, ಅಷ್ಟೆ.

ಒಂದು ದಿನ ಊಟದ ಡಬ್ಬಿ ಮರೆತು ಅರ್ಧ ದಾರಿಯಿಂದ ವಾಪಸ್ ಬಂದಳು. ಕ್ಲಾಸಿನಿಂದ ನಗುವಿನ ಸದ್ದು. ಕಿಟಕಿಯಲ್ಲಿ ಇಣುಕಿದಳು.

ಮಕ್ಕಳೆಲ್ಲ ರೈಲಿನ ಹಾಗೆ ಒಬ್ಬರ ಹಿಂದೆ ಒಬ್ಬರು ಕೂತಿದ್ದರು. ಹಿಂದಿನವರು ಮುಂದಿನವರ ಬೆನ್ನ ಮೇಲೆ ಬೆರಳಿನಿಂದ ಒಂದು ಪದ ಬರೆಯಬೇಕು, ಮುಂದಿನವರು ಕಣ್ಣು ಮುಚ್ಚಿಕೊಂಡು ಅದನ್ನು ಹೇಳಬೇಕು. ಕಚಗುಳಿಗೆ ಕಿಲಕಿಲ ನಗುತ್ತಲೇ ಒತ್ತಕ್ಷರ ಕಲಿಯುತ್ತಿದ್ದವು ಮಕ್ಕಳು!

"ಮೇಷ್ಟ್ರೇ, ನಂದೆಲ್ಲ ತಪ್ಪು..." ಎಂದು ಒಬ್ಬಳು ಪುಟಾಣಿ ಅಳುಮುಖ ಮಾಡಿ ಪುಸ್ತಕ ಚಾಚಿದಳು.

ಅವನು ಅವಳ ಪಕ್ಕ ನೆಲದ ಮೇಲೇ ಕೂತ. "ಎಲ್ಲಾ ತಪ್ಪಾ? ಸುಳ್ಳು! ಇಡೀ ಪುಟದಲ್ಲಿ ರಾಜನ ಥರ ಕೂತಿರೋ ಅಕ್ಷರ ಒಂದಾದ್ರೂ ಇರುತ್ತೆ. ಬಾ, ಹುಡುಕೋಣ."

ಹುಡುಕಿದರು. ಸಿಕ್ಕಿತು. ಅದರ ತಲೆಯ ಮೇಲೆ ಅವನೊಂದು ನಕ್ಷತ್ರ ಬರೆದ, ಕೈಕಾಲು ಸೊಟ್ಟಗಿರುವ ನಕ್ಷತ್ರ. ಪುಟಾಣಿ ಕಣ್ಣೊರೆಸಿಕೊಂಡು, ಉಳಿದ ಅಕ್ಷರಗಳನ್ನೂ ಅದರಂತೆ ತಿದ್ದಲು ಓಡಿದಳು.

ಮುತ್ತು ಮಿಸ್ ಕಿಟಕಿಯ ಸರಳು ಹಿಡಿದು ನಿಂತಳು. 'ನನ್ನ ಕ್ಲಾಸಲ್ಲಿ ಇರೋದೂ ಇವಳ ವಯಸ್ಸಿನ ಮಕ್ಕಳೇ... ಪುಸ್ತಕ ಕೊಡುವಾಗ ಒಬ್ಬರೂ ನನ್ನ ಕಣ್ಣು ನೋಡಲ್ಲ.'

ಡಬ್ಬಿ ಮರೆಯುವುದು ಆಮೇಲೆ ಅಭ್ಯಾಸವೇ ಆಯಿತು! ಮನೆಯಲ್ಲಿ ಅತ್ತಿಗೆ ಸುಮ್ಮನಿರುತ್ತಾಳೆಯೇ?

"ಇವತ್ತಿನ ಮೇಷ್ಟ್ರ ಪುರಾಣ ಮುಗೀತಾ, ಇನ್ನೂ ಇದೆಯಾ?"

"ಹೋಗಿ ಅತ್ತಿಗೆ! ಒಳ್ಳೆ ಪಾಠ ಅಂತ ಹೇಳಿದೆ, ಅಷ್ಟೇ."

"ಪಾಠದ ಬಗ್ಗೆ ಹೇಳೋವಾಗ ಕೆನ್ನೆ ಯಾಕಮ್ಮ ಕೆಂಪಾಗುತ್ತೆ?"

ಹೀಗೆ ನಾಲ್ಕು ತಿಂಗಳು. ದಿನಾ ಹನ್ನೆರಡು ಗಂಟೆಗೆ ಬಾಗಿಲಲ್ಲಿ ಎರಡು ನಿಮಿಷ. ಅವಳು ಬೋರ್ಡಿನಲ್ಲಿ ಸಾಲು ಬಿಟ್ಟು ಹೋಗುತ್ತಾಳೆ, ಅವನು "ಇವತ್ತಿನದು ಇನ್ನೂ ಚಂದ ಇದೆ ಟೀಚರ್" ಎನ್ನುತ್ತಾನೆ. ಆ ಒಂದು ಮಾತಿಗೆ ಅವಳ ಮಿಕ್ಕ ದಿನವೆಲ್ಲ ಹಗುರ.

ಅಷ್ಟರಲ್ಲಿ ಬಂತು ನೋಡಿ, ಸಿಡಿಲಿನಂಥ ಸುದ್ದಿ! ಮುಂದಿನ ತಿಂಗಳಿಂದ ಎರಡು ಪಾಳಿ ಸೇರಿ ಒಂದೇ. ಮೂರನೇ ಕ್ಲಾಸಿಗೆ ಒಬ್ಬರೇ ಸಾಕು, ಇನ್ನೊಬ್ಬರು ಪೇಟೆಯಾಚೆಯ ಶಾಖೆಗೆ ಹೋಗಬೇಕು. ಮಕ್ಕಳ ಬರವಣಿಗೆ ಪುಸ್ತಕ ನೋಡಿ ಹೆಡ್‌ಮೇಡಂ ತೀರ್ಮಾನ ಮಾಡುತ್ತಾರೆ.

ಪುಸ್ತಕಗಳು ಹೋದವು. ಮೂರು ದಿನದ ಮೇಲೆ, ಬೆಳಗಿನ ಬಿಡುವಿನಲ್ಲಿ ಹೆಡ್‌ಮೇಡಂ ಅವಳನ್ನು ಕರೆದು ಮಧ್ಯಾಹ್ನದ ಮಕ್ಕಳ ಪುಸ್ತಕಗಳ ರಾಶಿಯನ್ನು ಮುಂದಿಟ್ಟರು.

"ನೋಡಮ್ಮ, ಎಂಥಾ ಬರವಣಿಗೆ! ಕ್ಲಾಸು ಮೇಷ್ಟ್ರಿಗೆ ಅಂತ ನಿನ್ನೆ ಸಂಜೆನೇ ಅವರಿಗೆ ಹೇಳಿದ್ದೀನಿ. ಬೇಜಾರು ಮಾಡ್ಕೋಬೇಡ."

ಅವಳು ಒಂದೊಂದಾಗಿ ತೆರೆದು ನೋಡಿದಳು.

ಅದು ಅವಳದೇ ಕೈಬರಹ! ಅದೇ ದುಂಡು, ಅದೇ ಬಾಗು, ಸಾಲಿನ ಕೊನೆಯಲ್ಲಿ ಅವಳು ಎಳೆಯುವ ಅದೇ ಸಣ್ಣ ಗೀಟು... ಒಂದಲ್ಲ ಎರಡಲ್ಲ, ಮೂವತ್ತು ಪುಸ್ತಕದಲ್ಲೂ ಅದೇ.

'ಒರೆಸ್ಬೇಡಿ ಅಂದಿದ್ದು ಇದಕ್ಕಾ? ಅಕ್ಷರ ನನ್ನದು, ಹೆಸರು ಅವರದಾ?'

ಅವತ್ತು ಹನ್ನೆರಡು ಗಂಟೆಗೆ ಅವಳು ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಒರೆಸಿದಳು. ಒಂದು ಚುಕ್ಕೆಯನ್ನೂ ಬಿಡಲಿಲ್ಲ.

ಬಾಗಿಲಲ್ಲಿ ಅವನು ನಿಂತಿದ್ದ. "ಟೀಚರ್... ಇವತ್ತಿನ ಸಾಲು?"

"ಸ್ವಂತ ಬರೀರಿ ಮೇಷ್ಟ್ರೇ! ಕದ್ದ ಅಕ್ಷರದಲ್ಲಿ ಎಷ್ಟು ದಿನ ಅಂತ ಹೆಸರು ಮಾಡ್ತೀರಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಹಾಜರಿ ಪುಸ್ತಕವನ್ನು ಎದೆಗವುಚಿಕೊಂಡ. ತಲೆತಗ್ಗಿಸಿ ಒಳಗೆ ನಡೆದ.

ಅವಳು ಹೊರಟಳು. ಹೊರಟವಳು ಕಿಟಕಿಯ ಹತ್ತಿರ ಯಾಕೆ ನಿಂತಳೋ!

ಅವನು ಬೋರ್ಡಿನ ಮುಂದೆ ನಿಂತು ಸೀಮೆಸುಣ್ಣ ಎತ್ತಿದ. ಈ ನಾಲ್ಕು ತಿಂಗಳಲ್ಲಿ ಅವನು ಅಕ್ಷರ ಬರೆಯುವುದನ್ನು ಅವಳು ನೋಡಿಯೇ ಇರಲಿಲ್ಲ. ತಾರೀಖನ್ನೂ ಮಕ್ಕಳ ಕೈಯಲ್ಲೇ ಬರೆಸುತ್ತಿದ್ದ. ಈಗ ಬಲಗೈಯಲ್ಲಿ ಒತ್ತಿ ಒತ್ತಿ ಬರೆದ. ಅಕ್ಷರಗಳು ಒಂದರ ಮೇಲೊಂದು ಬಿದ್ದವು, ಸಾಲು ಇಳಿಜಾರಾಯಿತು. ಅವನು ತೋಳಿನಿಂದ ಕಣ್ಣೊರೆಸಿಕೊಂಡ.

ಮಕ್ಕಳು ಯಾರೂ ನಗಲಿಲ್ಲ. ಆ ಪುಟಾಣಿ ಎದ್ದು ನಿಂತಳು. "ಮೇಷ್ಟ್ರೇ, ಅಳಬೇಡಿ. ರಾಜನ ಥರ ಕೂತಿರೋ ಅಕ್ಷರ ಒಂದಾದ್ರೂ ಇರುತ್ತೆ. ನಾವು ಹುಡುಕ್ತೀವಿ."

ಕಿಟಕಿಯಾಚೆ ಅವಳ ಕಣ್ಣು ಮಂಜಾಯಿತು.

"ಇಲ್ಲೇ ಇದ್ದೀಯಾ? ನಿನ್ನನ್ನೇ ಹುಡುಕ್ತಿದ್ದೆ," ಎಂದು ಹಿಂದಿನಿಂದ ಹೆಡ್‌ಮೇಡಂ ಒಂದು ಕಾಗದ ಕೊಟ್ಟರು. "ಬೆಳಿಗ್ಗೆನೇ ನನ್ನ ಮೇಜಿನ ಮೇಲಿಟ್ಟು ಹೋಗಿದ್ದಾರೆ. ಈಗ ನೋಡಿದೆ."

ಅದೇ ಸೊಟ್ಟ ಅಕ್ಷರ.

'ಮೇಡಂ, ನಾನು ಹುಟ್ಟಾ ಎಡಗೈಯವನು. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಎಡಗೈಯನ್ನು ಬೆಂಚಿಗೆ ಕಟ್ಟಿ ಬಲಗೈಯಲ್ಲಿ ಬರೆಸಿದರು. ಅಕ್ಷರ ಕೊನೆಗೂ ಒಲಿಯಲಿಲ್ಲ. ನನ್ನ ಮಕ್ಕಳ ಅಂದವಾದ ಅಕ್ಷರ ಬೆಳಗಿನ ಟೀಚರ್ ಅವರದು. ದಿನಾ ಅವರು ಬಿಟ್ಟುಹೋದ ಸಾಲನ್ನು ನೋಡಿ ಕಲಿತರು, ನಾನೂ ಕಲಿಯುತ್ತಿದ್ದೇನೆ. ಕ್ಲಾಸು ಅವರಿಗೆ ಕೊಡಿ. ಶಾಖೆಗೆ ನಾನು ಹೋಗುತ್ತೇನೆ.'

ಅವಳು ಕಾಗದವನ್ನು ಇನ್ನೊಂದು ಸಲ ಓದಿದಳು. ಕದ್ದ ಅಕ್ಷರ ಅಂದುಬಿಟ್ಟೆನಲ್ಲ... ಛೆ!

"ಮೇಡಂ, ಕ್ಲಾಸು ಅವರಿಗೇ ಇರಲಿ," ಎಂದಳು ಬಿಕ್ಕುತ್ತಾ. "ನನ್ನ ಮಕ್ಕಳ ಪುಸ್ತಕ ತೆಗೆದು ನೋಡಿ. ಸ್ವಂತವಾಗಿ ನಾಲ್ಕು ವಾಕ್ಯ ಬರೀರಿ ಅಂದ್ರೆ ಪುಟ ಖಾಲಿ. ನನ್ನ ಕೆಂಪು ಪೆನ್ನಿಗೆ ಹೆದರಿ ಕೈಯೇ ಓಡಲ್ಲ ಅವಕ್ಕೆ. ಅವರ ಮಕ್ಕಳು ಅಜ್ಜಿ ಬಗ್ಗೆ, ನಾಯಿಮರಿ ಬಗ್ಗೆ ಎರಡೆರಡು ಪುಟ ಬರೆದಿದ್ದಾರೆ."

ಹೆಡ್‌ಮೇಡಂ ಹಣೆ ಹಿಡಿದುಕೊಂಡರು. "ನೀನು ಅವರಿಗೆ ಕೊಡಿ ಅಂತೀಯ, ಅವರು ನಿನಗೆ ಕೊಡಿ ಅಂತಾರೆ. ಒಳ್ಳೆ ಪೀಕಲಾಟ!" ಕಾಗದವನ್ನು ವಾಪಸ್ ತೆಗೆದುಕೊಂಡು ಹೇಳಿದರು: "ಶಾಖೆಯಲ್ಲಿ ಬರೀಲಾರದ ಮಕ್ಕಳೇ ಜಾಸ್ತಿ. ಅಲ್ಲಿಗೆ ಅವರಂಥವರೇ ಬೇಕು. ಇಲ್ಲಿ ಕ್ಲಾಸು ನಿನ್ನದು. ಆದ್ರೆ ಆ ಕೆಂಪು ಪೆನ್ನು ನನಗೆ ಕೊಟ್ಟು ಹೋಗು."

ಅವಳು ಪೆನ್ನು ಕೊಟ್ಟಳು.

ಸಂಜೆಯವರೆಗೂ ಕಾರಿಡಾರಿನಲ್ಲೇ ಕಾದಳು. ಕೊನೆಯ ಗಂಟೆ ಹೊಡೆದು, ಮಕ್ಕಳೆಲ್ಲ ಹೊರಗೆ ಓಡಿದ ಮೇಲೆ ಒಳಗೆ ಬಂದಳು.

"ತಪ್ಪಾಯ್ತು. ಬಾಯಿಗೆ ಬಂದಂಗೆ ಮಾತಾಡ್ಬಿಟ್ಟೆ."

"ಸುಳ್ಳೇನಲ್ಲ ಟೀಚರ್. ನಾನು ಕದ್ದಿದ್ದು ನಿಜ. ಮೊದಲ ದಿನವೇ ಹೇಳ್ಬೇಕಿತ್ತು, ನಾಚಿಕೆಯಾಯ್ತು. ಬರೆಯೋಕೆ ಬರದವನು ಮೇಷ್ಟ್ರಾ ಅಂತ ನೀವು ನಕ್ಕುಬಿಟ್ರೆ..."

"ನಾನು ನೋಡಿರೋ ಮೇಷ್ಟ್ರಲ್ಲೆಲ್ಲ ನೀವೇ ದೊಡ್ಡವರು!" ಎಂದಳು. ಮೇಜಿನ ಮೇಲಿದ್ದ ಸೀಮೆಸುಣ್ಣ ತೆಗೆದು ಅವನ ಎಡಗೈಯಲ್ಲಿಟ್ಟು, ಬೆರಳುಗಳನ್ನು ಮಡಿಸಿದಳು. "ಈ ಕೈಯಲ್ಲಿ ಬರೀರಿ. ಇಲ್ಲಿ ಕಟ್ಟಿಹಾಕೋರು ಯಾರೂ ಇಲ್ಲ."

ಅವನು ತುಂಬ ಹೊತ್ತು ಆ ಕೈಯನ್ನೇ ನೋಡಿದ. ಆಮೇಲೆ ಬೋರ್ಡಿನ ಮೇಲ್ಗಡೆ, ದಿನಾ ಅವಳ ಸಾಲು ಇರುತ್ತಿದ್ದ ಜಾಗದಲ್ಲಿ, ಮಗುವಿನಂತೆ ನಾಲಿಗೆ ಕಚ್ಚಿಕೊಂಡು ನಿಧಾನವಾಗಿ ಬರೆದ.

'ಜೀವನ ಪೂರ್ತಿ ನನ್ನ ಜೊತೆ ಇರ್ತೀರಾ?'

ಬರೆದವನೇ ಗಾಬರಿಯಾಗಿ ಡಸ್ಟರಿಗೆ ಕೈ ಹಾಕಿದ.

"ಒರೆಸ್ಬೇಡಿ!" ಅವಳು ಕೂಗಿಯೇಬಿಟ್ಟಳು.

"ಅಕ್ಷರ ನೋಡಿ, ಎಷ್ಟು ಸೊಟ್ಟ..."

"ಇರಲಿ. ನನ್ನ ಮಕ್ಕಳೂ ನೋಡ್ಲಿ."

"ಅಯ್ಯೋ, ಬೆಳಿಗ್ಗೆ ಬಂದು ಓದಿದ್ರೆ?"

"ಓದ್ಲಿ ಬಿಡಿ. ಕೆಳಗೆ ಉತ್ತರವೂ ಇರುತ್ತೆ."

ಅವಳು ಅವನ ಸಾಲಿನ ಕೆಳಗೆ ಮುತ್ತಿನಂಥ ಅಕ್ಷರದಲ್ಲಿ ಒಂದೇ ಪದ ಬರೆದಳು: 'ಇರ್ತೀನಿ.' ಆಮೇಲೆ ಅವನ ಸಾಲಿನ ಮೇಲೆ ಬೆರಳಾಡಿಸುತ್ತಾ ಏನನ್ನೋ ಹುಡುಕತೊಡಗಿದಳು.

"ಏನು ಹುಡುಕ್ತಿದ್ದೀರಾ?"

"ರಾಜನ ಥರ ಕೂತಿರೋ ಅಕ್ಷರ. ನಕ್ಷತ್ರ ಹಾಕ್ಬೇಕಲ್ಲ!"

"ಸಿಗ್ತಾ?"

"ಅಕ್ಷರ ಒಂದೂ ಸಿಗಲಿಲ್ಲ," ಎಂದು ತಿರುಗಿ, ಅವನ ಎಡಗೈ ಹಿಡಿದು ಅಂಗೈ ಮೇಲೆ ಸೀಮೆಸುಣ್ಣದಿಂದ ಪುಟ್ಟ ನಕ್ಷತ್ರ ಬರೆದಳು. "ಬರೆದವರು ಸಿಕ್ಕಿದ್ರು."